ರಿಸರ್ವ್ ಬಿದ್ದ ಮ್ಯಾಲೆ ಗಾಡಿ ಎಷ್ಟು ದೂರ ಹೋಗತೈತಿ? ನಳದ ಕಾಲದಿಂದ ದೀಪದ ಕಾಲದ ತನಕ



ಕಬ್ಬಿನ ಹಂಗಾಮು ಶುರುವಾದರೆ ಸಾಕು, ತುಳಸಿಗೇರಿಯ ಚಹಾದಂಗಡಿ ಮುಂದೆ ಈ ಮಾತು ಕಿವಿಗೆ ಬೀಳತೈತಿ: “ಎಣ್ಣಿ ದೀಪ ಹತ್ತೈತಿ, ಇನ್ನ ಎಷ್ಟ ದೂರ ಹೊಕ್ಕೈತಿ ಗಾಡಿ?” ಒಬ್ಬರು “ರಿಸರ್ವ್ ಅಂದ್ರ ಐವತ್ತು ಕಿಲೋಮೀಟರ್, ಲೆಕ್ಕ ಪಕ್ಕಾ” ಅಂತಾರ. ಇನ್ನೊಬ್ಬರು “ದೀಪ ಹತ್ತಿದ ಮ್ಯಾಲೆ ನಾನು ನೂರು ಹೋಗೇನಿ” ಅಂತಾರ. ಮೂರನೆಯವರು “ಹತ್ತಿದ ಕೂಡಲೇ ಹಾಕಿಸ್ರಿ, ಇಲ್ಲಾಂದ್ರ ಪಂಪ್ ಸುಟ್ಟ ಹೊಕ್ಕೈತಿ” ಅಂತ ಹೆದರಸ್ತಾರ.

ಮೂವರೂ ಸುಳ್ಳು ಹೇಳೂದಿಲ್ಲ. ಆದರೆ ಮೂವರದೂ ಬೇರೆ ಬೇರೆ ಕಾಲದ ಗಾಡಿಯ ಮಾತು. ಮೊದಲನೆಯದು ನಳ ತಿರುವುವ ಗಾಡಿಯ ಕಾಲದ್ದು, ಎರಡನೆಯದು ಮುಳ್ಳು ಮತ್ತು ದೀಪದ ಕಾಲದ್ದು, ಮೂರನೆಯದು ಈಗಿನ ಇಂಜೆಕ್ಷನ್ ಗಾಡಿಯದು. ಈ ಮೂರನ್ನೂ ಒಂದೇ ಗಾಡಿಗೆ ಹಚ್ಚಿ ಮಾತಾಡೂದರಿಂದಲೇ ಜಗಳ. ಅದಕ್ಕೇ ಈ ಸಲ ಬೆಳೆ, ಗೊಬ್ಬರ ಬಿಟ್ಟು “ಇನ್ನೂ ಎಷ್ಟು ಉಳಿದೈತಿ” ಅನ್ನುವುದನ್ನು ನಮ್ಮ ಹಿರಿಯರು ಹೆಂಗ ತಿಳಕೊಳ್ತಿದ್ರು, ನಾವು ಹೆಂಗ ತಿಳಕೊಳ್ತೀವಿ ಅನ್ನುವ ಇತಿಹಾಸ ಬರದೇನಿ. ಕಡೆಗೆ ಲೆಕ್ಕವನ್ನೂ ಕೊಟ್ಟೇನಿ.

ಕಣ್ಣಿಗೆ ಕಾಣುತ್ತಿದ್ದ ಕಾಲ

ಚಕ್ಕಡಿ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎತ್ತಿನ ಹೆಜ್ಜೆ ಸಣ್ಣದಾದರೆ, ಬಾಯಲ್ಲಿ ನೊರೆ ಬಂದರೆ ಕೊಳ್ಳ ಹರಿದು ಮರದ ಕೆಳಗೆ ಬಿಡತಿದ್ರು. ಚಕ್ಕಡಿಯ ಹಿಂದೆ ಕಟ್ಟಿದ ಮೇವಿನ ಹೊರೆಯೇ ಅದರ ಟಾಕಿ. ಎಷ್ಟು ಉಳಿದೈತಿ ಅಂತ ಹಿಂದಕ್ಕೆ ತಿರುಗಿ ನೋಡಿದರೆ ಆಯ್ತು.

ಮೋಟಾರು ಬಂದ ಮೇಲೂ ಬಹಳ ದಿನ ಉಳಿದಿದ್ದು ಕಣ್ಣಿಗೆ ಕಾಣತಿತ್ತು. ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಬರ್ಮಾ ದೇಶ ಜಪಾನಿಗರ ಕೈಗೆ ಹೋಯ್ತು. ನಮ್ಮ ದೇಶಕ್ಕೆ ಎಣ್ಣೆ ಬರುತ್ತಿದ್ದ ದೊಡ್ಡ ಬಾವಿಗಳು ಅಲ್ಲೇ ಇದ್ದವು. ಪೆಟ್ರೋಲ್ ರೇಷನ್ ಆಗಿ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡಿದವು. ಬಸ್ಸಿನ ಹಿಂದೆ ಉದ್ದನೆಯ ಡ್ರಮ್ಮಿನಂಥ ಒಲೆ, ಅದರೊಳಗೆ ಇದ್ದಿಲು. ಕೈಯಿಂದ ಗಾಳಿಚಕ್ರ ತಿರುವಿ ಬೆಂಕಿ ಎಬ್ಬಿಸಿ, ಗ್ಯಾಸ್ ಹುಟ್ಟಿದ ಮೇಲೆ ಇಂಜಿನ್ ಚಾಲೂ. ಏರು ಬಂದರೆ ಜನ ಇಳಿದು ನೂಕಬೇಕು. ಅಂಥ ಬಸ್ಸಿಗೆ ರಿಸರ್ವ್ ಅಂದರೆ ಮೇಲೆ ಕಟ್ಟಿದ ಇದ್ದಿಲ ಚೀಲ. ಎರಡು ಚೀಲ ಅದಾವೋ ಒಂದು ಐತೋ ಅಂತ ಕೂತವರೆಲ್ಲರಿಗೂ ಗೊತ್ತಿರತಿತ್ತು.

ನೀರೆತ್ತುವ ಇಂಜಿನ್ನಿನದೂ ಅದೇ ಕಥೆ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲಿನಿಂದ ಹೆಸರು ಮಾಡಿದವರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯ್ತು. ಅಂಥ ಡೀಸೆಲ್ ಇಂಜಿನ್ನುಗಳು ಘಟಪ್ರಭೆ, ಕೃಷ್ಣೆಯ ದಂಡೆಗೆ ಬಂದವು. ಟಾಕಿಯ ಮುಚ್ಚಳ ತೆಗೆದು ಜ್ವಾಳದ ದಂಟು ಇಳಿಬಿಟ್ಟರೆ ಎಷ್ಟು ತೊಯ್ದೈತೋ ಅಷ್ಟು ಎಣ್ಣಿ. ನಾಲ್ಕು ಬೆರಳು ಎಣ್ಣಿ ಇದ್ದರೆ ಇಷ್ಟು ಸಾಲಿಗೆ ನೀರು ಹಾಯ್ತದ ಅನ್ನುವುದು ನೀರು ಹಾಯಿಸುವವರಿಗೆ ಬಾಯಿಪಾಠ.

ಇದು ಹಿಂದುಳಿದವರ ಪದ್ಧತಿ ಅನಬ್ಯಾಡ್ರಿ. ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ತಯಾರಾಯ್ತು, ಒಂದೂವರೆ ಕೋಟಿ ಮಾರಾಟವಾಯ್ತು. ಅದರಲ್ಲೂ ಕೋಲು ಹಾಕಿಯೇ ಎಣ್ಣಿ ನೋಡಬೇಕಿತ್ತು. ಟಾಕಿ ಸೀಟಿನ ಕೆಳಗೆ, ಎಣ್ಣಿ ಇಂಜಿನ್ನಿಗೆ ತಾನಾಗಿಯೇ ಇಳಿದು ಬರಬೇಕು. ಎಣ್ಣಿ ಕಡಿಮೆ ಇದ್ದಾಗ ದೊಡ್ಡ ಏರು ಬಂದರೆ ಇಂಜಿನ್ ಮೇಲಾಗಿ, ಟಾಕಿ ಕೆಳಗಾಗಿ ಎಣ್ಣಿ ಮುಟ್ಟುತ್ತಿರಲಿಲ್ಲ. ಆಗ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ 1961ರ ತನಕ ಎಣ್ಣಿ ಮೀಟರೇ ಇರಲಿಲ್ಲ. ಇಂಜಿನ್ ಮುಕ್ಕರಿಸಿದಾಗ ಕಾಲಿನಿಂದ ಒಂದು ನಳ ತಿರುವುವುದು, ಅಷ್ಟೇ.

ನಳದ ಕಾಲ

ಆ ನಳವೇ ನಮ್ಮ ಕಡೆ “ರಿಸರ್ವ್” ಅನ್ನುವ ಪದ ತಂದದ್ದು. ಈ ಪದ ಕಲಿಸಿದ ಗಾಡಿಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಹುಟ್ಟಿತು. ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ಲನ್ನು ಇಲ್ಲೇ ಕಟ್ಟತೊಡಗಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಕಾರ್ಖಾನೆ ಉದ್ಘಾಟಿಸಿದರು. ಆಮೇಲೆ ಅದೇ ಗಾಡಿ ಯೆಜ್ಡಿ ಅಂತ ಹೆಸರು ಪಡೆದು 1996ರಲ್ಲಿ ಕಾರ್ಖಾನೆ ಮುಚ್ಚುವ ತನಕ ಬಂತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಮಾಡುತ್ತಿದ್ದ ಆ ಗಾಡಿ ಹಳೆ ಮಂದಿಗೆ ಇನ್ನೂ ನೆನಪೈತಿ. ಅದರ ಜೊತೆಗೆ ರಾಜದೂತ್, ಬಜಾಜ್ ಚೇತಕ್ ಸ್ಕೂಟರ್, 1972ರ ಲೂನಾ, 1980ರ ಟಿವಿಎಸ್ 50. ಇವೆಲ್ಲವೂ ನಳದ ಗಾಡಿಗಳು.

ಆ ನಳದ ಗುಟ್ಟು ಬಹಳ ಸರಳ. ಟಾಕಿಯ ತಳದಲ್ಲಿ ನಳ ಕೂಡಿಸಿರತಾರ. ಅದರೊಳಗೆ ಎರಡು ದಾರಿ. ಒಂದು ದಾರಿಗೆ ಸಣ್ಣ ಕೊಳವೆ, ತಳದಿಂದ ಒಂದಿಷ್ಟು ಎತ್ತರಕ್ಕೆ ನಿಂತಿರತೈತಿ. ಇನ್ನೊಂದು ತೂತು ತಳದಲ್ಲೇ. ನಳ ‘ಆನ್’ ಇದ್ದಾಗ ಎಣ್ಣಿ ಎತ್ತರದ ಕೊಳವೆಯಿಂದ ಇಳಿಯತೈತಿ. ಎಣ್ಣಿಯ ಮಟ್ಟ ಆ ಕೊಳವೆಯ ಬಾಯಿಗಿಂತ ಕೆಳಗೆ ಬಂತಂದರೆ ಇಂಜಿನ್ನಿಗೆ ಎಣ್ಣಿ ಬಂದ್. ಗಾಡಿ ಎರಡು ಸಲ ಮುಕ್ಕರಿಸತೈತಿ. ಸವಾರ ಎಡಗೈ ಕೆಳಗೆ ಚಾಚಿ ನಳವನ್ನು ‘ರಿಸರ್ವ್’ಗೆ ತಿರುವತಾನ. ಆಗ ತಳದ ತೂತು ತೆರೆದು, ಕೊಳವೆಯ ಬಾಯಿಯ ಕೆಳಗೆ ನಿಂತ ಎಣ್ಣಿ ಇಳಿಯತೈತಿ.

ನೋಡ್ರಿ, ಇಲ್ಲಿ ವಿದ್ಯುತ್ ಇಲ್ಲ, ಮೀಟರ್ ಇಲ್ಲ, ಅಂದಾಜೂ ಇಲ್ಲ. ಕೊಳವೆಯ ಎತ್ತರ ಎಷ್ಟೋ ರಿಸರ್ವ್ ಅಷ್ಟು. ಕಂಪನಿ ಲೀಟರೂವರೆ ಅಂತ ಇಟ್ಟಿದ್ದರೆ ಇವತ್ತೂ ಲೀಟರೂವರೆ, ಹತ್ತು ವರ್ಷದ ಮೇಲೂ ಲೀಟರೂವರೆ. ಅದಕ್ಕೇ ಹಳೆ ಮಂದಿ “ರಿಸರ್ವ್ ಅಂದ್ರ ಐವತ್ತು, ಪಕ್ಕಾ” ಅನ್ನೂದು. ತಮ್ಮ ಗಾಡಿಗೆ ಆ ಮಾತು ನಿಜವೇ ಇತ್ತು.

ಆ ನಳಕ್ಕೆ ಇನ್ನೊಂದು ಗುಣ ಇತ್ತು. ಅದು ಗಾಡಿ ನಿಲ್ಲಿಸಿ ಹೇಳತಿತ್ತು. ನೀವು ಎಷ್ಟೇ ಧ್ಯಾನದಲ್ಲಿರ್ರಿ, ಕೈ ಹಾಕಿ ತಿರುವದೆ ಗಾಡಿ ಮುಂದೆ ಹೋಗತಿರಲಿಲ್ಲ. ಆದರೆ ಎಣ್ಣಿ ಹಾಕಿಸಿದ ಮೇಲೆ ನಳ ಹಿಂದಕ್ಕೆ ತಿರುವುವುದು ಸವಾರನ ಕೆಲಸ. ಮರೆತರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಟಾಕಿ ಪೂರಾ ಖಾಲಿ. ಮನೆಯಲ್ಲಿ ಗಾಡಿ ಕೇಳಿದ ಹುಡುಗರಿಗೆ ಹಿರಿಯರು ಹೇಳುತ್ತಿದ್ದ ಮೊದಲ ಮಾತು, “ನಳ ಎಲ್ಲೈತಿ ನೋಡ್ಕೊಂಡು ಹೋಗೋ ತಮ್ಮಾ.”

ರಿಸರ್ವೂ ಮುಗಿದ ಮೇಲೆ ಗಾಡಿ ಮಲಗಿಸುವ ಆಟ ಇತ್ತಲ್ಲ, ಅದರಲ್ಲೂ ಅರ್ಥ ಇತ್ತು. ಮೋಟಾರ್‌ಸೈಕಲ್ಲಿನ ಟಾಕಿ ಎತ್ತಿನ ಬೆನ್ನ ಮೇಲಿನ ಹೇರಿನ ಹಾಗೆ ಪೈಪಿನ ಎರಡೂ ಕಡೆ ಇಳಿಬಿದ್ದಿರತೈತಿ. ನಳ ಒಂದೇ ಕಡೆ. ಎಣ್ಣಿ ತಳಕ್ಕೆ ಬಂದಾಗ ಇನ್ನೊಂದು ಕಡೆಯ ಜೋಳಿಗೆಯಲ್ಲಿ ಸ್ವಲ್ಪ ಉಳಿದು ಈ ಕಡೆ ಬರೂದಿಲ್ಲ. ಗಾಡಿಯನ್ನು ನಳದ ಕಡೆ ಮಲಗಿಸಿದರೆ ಆ ಎಣ್ಣಿ ನಡುವಿನ ದಿಬ್ಬ ದಾಟಿ ಬರತೈತಿ. ಹಂಗ ಎರಡು ಮೂರು ಕಿಲೋಮೀಟರ್ ಸಿಗತಿತ್ತು. ತುಳಸಿಗೇರಿ ಹನುಮಪ್ಪನ ಜಾತ್ರೆಗೆ ಬಂದವರು ರಸ್ತೆ ಪಕ್ಕ ಗಾಡಿ ಮಲಗಿಸಿ ನಿಂತಿರುವುದನ್ನು ನೋಡದವರು ನಮ್ಮ ವಯಸ್ಸಿನವರಲ್ಲಿ ಯಾರೂ ಇರಲಿಕ್ಕಿಲ್ಲ.

“ರಿಸರ್ವಿನ್ಯಾಗ ಓಡಿಸಿದ್ರ ಕಸ ಎಳಕೊಳ್ತದ” ಅನ್ನುವ ಮಾತೂ ಈ ಕಾಲದ್ದೇ. ಆನ್ ಇದ್ದಾಗ ಕೊಳವೆ ಮೇಲಿನಿಂದ ಎಣ್ಣಿ ತಗೊಳ್ಳತಿತ್ತು, ತಳದ ತುಕ್ಕು, ಕಸ, ನೀರು ಅಲ್ಲೇ ಕುಂತಿರತಿತ್ತು. ರಿಸರ್ವಿಗೆ ತಿರುವಿದ ಕೂಡಲೇ ತಳದ ತೂತಿಗೆ ಅದೇ ಮೊದಲು ಬರತಿತ್ತು. ಈಗಿನ ಕಾರು, ಇಂಜೆಕ್ಷನ್ ಬೈಕುಗಳಲ್ಲಿ ಪಂಪು ಯಾವಾಗಲೂ ತಳದಿಂದಲೇ ಎಳೆಯತೈತಿ, ಟಾಕಿ ತುಂಬಿದ್ದರೂ. ಹಂಗಾಗಿ ಆ ಮಾತು ಹೊಸ ಗಾಡಿಗೆ ಮೊದಲಿನಷ್ಟು ಹೊಂದೂದಿಲ್ಲ.

ಮೈಲೇಜ್ ಬಂತು, ಮುಳ್ಳು ಬಂತು, ದೀಪ ಬಂತು

1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧ ಆಯ್ತು. ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣಿಯ ದರ ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು 12ರ ಹತ್ತಿರ ಹೋಯ್ತು. ಪೆಟ್ರೋಲ್ ದರ ಏರಿದ್ದನ್ನು ವಿರೋಧಿಸಿ ಅಟಲ್ ಬಿಹಾರಿ ವಾಜಪೇಯಿ ಆ ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. ಅಲ್ಲಿಂದ ಗಾಡಿ ಕೊಳ್ಳುವವರ ಮೊದಲ ಪ್ರಶ್ನೆ “ಎಷ್ಟ ಕೊಡತೈತಿ?” ಅಂತ ಆಯ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಅದರ ಜಾಹೀರಾತಿನ ಸಾರಾಂಶ ಇಷ್ಟೇ: ತುಂಬಿಸು, ಮುಚ್ಚು, ಮರೆತುಬಿಡು. ನಾಲ್ಕು ಸ್ಟ್ರೋಕಿನ ಇಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೂ ಇಲ್ಲ. ಲೀಟರಿಗೆ ಯೆಜ್ಡಿಗಿಂತ ಎರಡು ಪಟ್ಟು ಹೋಗುವ ಗಾಡಿಗೆ ಅದೇ ಲೀಟರೂವರೆ ರಿಸರ್ವ್ ಎರಡು ಪಟ್ಟು ದೂರ ಆಯ್ತು. ಅಂದರೆ ರಿಸರ್ವ್ ಅನ್ನುವುದು ಕಿಲೋಮೀಟರ್ ಅಲ್ಲ, ಲೀಟರ್. ಇದೊಂದು ಮಾತು ತಲೆಯಲ್ಲಿ ಇಟಗೊಳ್ರಿ, ಮುಂದಿನದೆಲ್ಲ ಇದರ ಮೇಲೇ ನಿಂತೈತಿ.

ನಿಧಾನಕ್ಕೆ ಮೀಟರಿನ ಮುಳ್ಳು ಬಂತು. ಟಾಕಿಯೊಳಗೆ ಒಂದು ತೇಲುಬುರುಡೆ, ಅದಕ್ಕೊಂದು ತಂತಿಯ ತೋಳು. ಎಣ್ಣಿ ಇಳಿದಂತೆ ಬುರುಡೆ ಇಳಿಯತೈತಿ, ತೋಳು ಒಂದು ಪಟ್ಟಿಯ ಮೇಲೆ ಸರಿದು ಕರೆಂಟ್ ಹೆಚ್ಚುಕಡಿಮೆ ಮಾಡತೈತಿ, ಮುಳ್ಳು ಅದಕ್ಕೆ ತಕ್ಕಂತೆ ಸರಿಯತೈತಿ. ಗುಂಡಿ ರಸ್ತೆಯಲ್ಲಿ ಎಣ್ಣಿ ತುಳುಕಿದಾಗ ಮುಳ್ಳು ಕುಣಿಯಬಾರದಂತ ಬೇಕಂತಲೇ ನಿಧಾನ ಮಾಡಿರತಾರ. ಏರಿನಲ್ಲಿ ಒಂದು, ಇಳಿಜಾರಿನಲ್ಲಿ ಒಂದು ತೋರಿಸೂದು ಈ ಬುರುಡೆಯ ಹುಟ್ಟುಗುಣ. ಟಾಕಿಯ ಆಕಾರವೂ ಸಮ ಇರೂದಿಲ್ಲ, ಮೇಲೆ ಅಗಲ, ಕೆಳಗೆ ಸಣ್ಣದು. ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಲಗೂ ಇಳಿದಂತೆ ಕಾಣುವುದು ಬಹಳ ಸಲ ಅದಕ್ಕೇ.

ಆಮೇಲೆ ದೀಪ. ಬಹಳಷ್ಟು ಗಾಡಿಗಳಲ್ಲಿ ಅದು ಅದೇ ತೇಲುಬುರುಡೆಯ ಲೆಕ್ಕದಿಂದ ಹತ್ತತೈತಿ. ಇನ್ನು ಕೆಲವು ಹಳೆಯ ಗಾಡಿಗಳಲ್ಲಿ ಟಾಕಿಯೊಳಗೆ ಕಡಲೆಕಾಳಿನಷ್ಟು ಸಣ್ಣ ಬಿಲ್ಲೆ ಇಟ್ಟಿರತಾರ. ಅದು ಎಣ್ಣಿಯಲ್ಲಿ ಮುಳುಗಿರುವ ತನಕ ತಣ್ಣಗೆ ಇರತೈತಿ, ಕರೆಂಟ್ ಬಿಡೂದಿಲ್ಲ. ಎಣ್ಣಿ ಇಳಿದು ಅದು ಬಯಲಾದರೆ ಬಿಸಿಯಾಗಿ ಕರೆಂಟ್ ಬಿಡತೈತಿ, ದೀಪ ಹತ್ತತೈತಿ. ಎಣ್ಣಿ ಅದರ ಅಂಚಿಗೆ ತುಳುಕುವಾಗ ದೀಪ ಹತ್ತಿ ಆರಿ ಮಾಡೂದು ಅದಕ್ಕೇ.

ಇಲ್ಲಿ ದೊಡ್ಡ ಬದಲಾವಣೆ ಆಯ್ತು. ನಳ ಗಾಡಿಯನ್ನೇ ನಿಲ್ಲಿಸತಿತ್ತು. ದೀಪ ನಿಲ್ಲಿಸೂದಿಲ್ಲ, ಬರೇ ಹೇಳತೈತಿ. ಕೇಳೂದು ಬಿಡೂದು ನಮಗೆ ಬಿಟ್ಟದ್ದು. ಕೇಳದವರಿಗೆ ಮೊದಲ ಸಲ ಏನೂ ಆಗೂದಿಲ್ಲ, ಎರಡನೇ ಸಲವೂ ಆಗೂದಿಲ್ಲ. “ನಾನು ನೂರು ಹೋಗೇನಿ” ಅನ್ನುವ ಮಾತು ಹುಟ್ಟಿದ್ದು ಇಲ್ಲಿ. ಕಂಪನಿಯವರು ಜನ ನಡುದಾರಿಯಲ್ಲಿ ನಿಲ್ಲಬಾರದಂತ ದೀಪವನ್ನು ಸ್ವಲ್ಪ ಮುಂಚೆಯೇ ಹತ್ತುವಂತೆ ಇಡತಾರ. ಜನಕ್ಕೆ ಅದು ಗೊತ್ತಾಗಿ ದೀಪದ ಮೇಲಿನ ಭಯ ಹೋಯ್ತು. ಒಂದೊಂದು ಗಾಡಿಗೆ ಒಂದೊಂದು ಅಳತೆ. ಬೈಕುಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ಲೀಟರ್, ಸಣ್ಣ ಕಾರುಗಳಲ್ಲಿ ಐದಾರು ಲೀಟರ್ ಉಳಿದಾಗ ಹತ್ತತೈತಿ. ಪಕ್ಕದ ಮನೆಯವರ ಗಾಡಿಯ ಅನುಭವ ನಿಮ್ಮ ಗಾಡಿಗೆ ನಡೆಯೂದಿಲ್ಲ.

ನಳ ಹೋದ ವರ್ಷ

2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು: 2020ರ ಏಪ್ರಿಲ್ 1ರಿಂದ ಬಿಎಸ್ 6 ಗಾಡಿ ಬಿಟ್ಟು ಬೇರೆ ಮಾರುವಂತಿಲ್ಲ. ಹೊಗೆಯ ಕಟ್ಟುಪಾಡು ಬಿಗಿಯಾದ್ದರಿಂದ ಬೈಕುಗಳ ಕಾರ್ಬರೇಟರ್ ಹೋಗಿ ಇಂಜೆಕ್ಷನ್ ಬಂತು. ಅದರ ಜೊತೆಗೆ ರಿಸರ್ವ್ ನಳವೂ ಹೋಯ್ತು. ಈಗ ಹೊಸ ಬೈಕಿನ ಟಾಕಿಯೊಳಗೆ ಕರೆಂಟಿನ ಪಂಪ್ ಕೂತಿರತೈತಿ, ಅದು ಎಣ್ಣಿಯನ್ನು ಒತ್ತಡದಿಂದ ಇಂಜಿನ್ನಿಗೆ ನೂಕತೈತಿ. ಆ ಪಂಪನ್ನು ತಣ್ಣಗಿಡುವುದು, ಅದರ ಒಳಗಿನ ಭಾಗಗಳಿಗೆ ಜಿಡ್ಡು ಕೊಡುವುದು ಅದೇ ಪೆಟ್ರೋಲ್. ಎಣ್ಣಿ ತೀರಿ ಗಾಳಿ ಎಳೆಯತೊಡಗಿದರೆ ಪಂಪ್ ಒಣಗಿ ಸವೆಯತೈತಿ. ಬೋರ್‌ವೆಲ್ಲಿನಲ್ಲಿ ನೀರು ಇಳಿದಾಗ ಮೋಟಾರ್ ಡ್ರೈ ಓಡಿದರೆ ಏನಾಗತೈತಿ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೂ ಅದೇ.

ಹಂಗಂತ ದೀಪ ಹತ್ತಿದ ಕೂಡಲೇ ಪಂಪ್ ಸುಡೂದಿಲ್ಲ. ದೀಪ ಹತ್ತಿದಾಗ ಇನ್ನೂ ಎಣ್ಣಿ ಐತಿ, ಪಂಪಿನ ಬಾಯಿ ಮುಳುಗೇ ಇರತೈತಿ. ಕೆಡುವುದು ಪೂರಾ ಖಾಲಿ ಮಾಡಿದಾಗ, ಅದೂ ಖಾಲಿ ಮಾಡಿ ಸೆಲ್ಫ್ ಒತ್ತಿ ಒತ್ತಿ ಚಾಲೂ ಮಾಡಲು ಹೋದಾಗ. ಮೂರನೆಯವರ ಮಾತಿನಲ್ಲಿ ಅರ್ಧ ನಿಜ ಇದು.

ನನಗೆ ಅನಿಸೋದು ಇಷ್ಟು: ನಳದ ಗಾಡಿ ಖಾಲಿಯಾದರೆ ನಷ್ಟ ಏನೂ ಇರಲಿಲ್ಲ, ಬಾಟಲಿಯಲ್ಲಿ ಎಣ್ಣಿ ತಂದು ಹಾಕಿ ಕಿಕ್ ಹೊಡೆದರೆ ಮುಗೀತು. ಆದರೂ ಅದು ಗಟ್ಟಿಯಾಗಿ ಎಚ್ಚರಿಸತಿತ್ತು. ಹೊಸ ಗಾಡಿ ಖಾಲಿಯಾದರೆ ನಷ್ಟ ದೊಡ್ಡದು. ಆದರೆ ಅದು ಎಚ್ಚರಿಸುವುದು ಮಾತ್ರ ಮೆತ್ತಗೆ.

ಹೊಸ ಕಾರುಗಳಲ್ಲಿ “ಇನ್ನು ಇಷ್ಟು ಕಿಲೋಮೀಟರ್” ಅಂತ ಅಂಕಿಯೇ ಬರತೈತಿ. ಉಳಿದ ಲೀಟರನ್ನು ಈಚೆಗೆ ಓಡಿದ ಮೈಲೇಜಿನಿಂದ ಗುಣಿಸಿ ತೋರಿಸುವ ಅಂದಾಜು ಅದು. ಹೈವೇಯಲ್ಲಿ ಸಮನಾಗಿ ಬಂದಿದ್ದರೆ 70 ತೋರಿಸತೈತಿ, ಊರೊಳಗಿನ ಗದ್ದಲಕ್ಕೆ ಹೊಕ್ಕರೆ ಐದು ಕಿಲೋಮೀಟರಿನಲ್ಲಿ ಹದಿನೈದು ಇಳಿಯತೈತಿ. ಹಿಂದೆ ಓಡಿದ ರಸ್ತೆ ಅದಕ್ಕೆ ಗೊತ್ತು, ಮುಂದಿನ ರಸ್ತೆ ಗೊತ್ತಿಲ್ಲ.

ಡೀಸೆಲ್ಲಿಗೆ ಬೇರೆ ನ್ಯಾಯ

ಇನ್ನು ನಮ್ಮ ಟ್ರ್ಯಾಕ್ಟರ್. ಫರೀದಾಬಾದಿನಲ್ಲಿ ಐಷರ್ 1959ರಲ್ಲಿ ಮೊದಲ ಟ್ರ್ಯಾಕ್ಟರ್ ಹೊರತಂದಿತು. ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಕೂಡಿ ಶುರು ಮಾಡಿದರು. ಅಂದಿನಿಂದ ಇಂದಿನ ತನಕ ಟ್ರ್ಯಾಕ್ಟರ್ ಡ್ರೈವರುಗಳ ಒಂದು ಪಾಠ ಬದಲಾಗಿಲ್ಲ: ಡೀಸೆಲ್ ಗಾಡಿ ಖಾಲಿ ಮಾಡಬ್ಯಾಡ, ಏರ್ ಹಿಡೀತದ.

ಯಾಕಂದರೆ ಡೀಸೆಲ್ ಇಂಜಿನ್ನಿನಲ್ಲಿ ಎಣ್ಣಿ ಟಾಕಿಯಿಂದ ಫಿಲ್ಟರ್, ಅಲ್ಲಿಂದ ದೊಡ್ಡ ಪಂಪ್, ಅಲ್ಲಿಂದ ನಾಜಲ್ ತನಕ ಗಾಳಿ ಇಲ್ಲದ ಒಂದೇ ಧಾರೆಯಾಗಿ ಹೋಗಬೇಕು. ಪಂಪ್ ಒತ್ತಿದಾಗ ಎಣ್ಣಿ ಕುಗ್ಗೂದಿಲ್ಲ, ಅದಕ್ಕೇ ಒತ್ತಡ ನಾಜಲ್ ಮುಟ್ಟಿ ಅದು ತೆರೆಯತೈತಿ. ನಡುವೆ ಗಾಳಿ ಸೇರಿದರೆ ಒತ್ತಿದ್ದೆಲ್ಲ ಗಾಳಿ ಕುಗ್ಗೂದರಲ್ಲೇ ಹೋಯ್ತು. ಇಂಜಿನ್ ತಿರುಗತೈತಿ, ಚಾಲೂ ಆಗೂದಿಲ್ಲ. ಹತ್ತು ಲೀಟರ್ ಡೀಸೆಲ್ ತಂದು ಹಾಕಿದರೂ ಅಷ್ಟೇ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಬೇಕು, ಬುರುಗು ನಿಂತು ಬರೇ ಎಣ್ಣಿ ಬಂದ ಮೇಲೆ ಬಿಗಿಯಬೇಕು. ಆಮೇಲೆ ದೊಡ್ಡ ಪಂಪಿನ ಸ್ಕ್ರೂ, ಕಡೆಗೆ ನಾಜಲ್ಲಿನ ಪೈಪಿನ ನಟ್. ಹಗಲಿನಲ್ಲಿ ಹೊಲದಲ್ಲಿ ಆದರೆ ಅರ್ಧ ತಾಸಿನ ಕೆಲಸ, ರಾತ್ರಿ ರಸ್ತೆಯಲ್ಲಿ ಆದರೆ ಅದು ಬೇರೆಯೇ ಕಥೆ.

2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ಕಟ್ಟುಪಾಡು ಬಂದೈತಿ. ಅವುಗಳಲ್ಲಿ ಬಹಳಷ್ಟಕ್ಕೆ ಕಾಮನ್ ರೇಲ್ ಪಂಪ್ ಐತಿ. ಅದರ ಒಳಗೆ ಜಿಡ್ಡು ಅಂದರೆ ಡೀಸೆಲ್ಲೇ. ಒಣಗಿ ಓಡಿದರೆ ರಿಪೇರಿಯ ಬಿಲ್ ಹಳೆ ಪಂಪಿನ ಹಾಗೆ ಇರೂದಿಲ್ಲ.

ಟ್ರ್ಯಾಕ್ಟರಿಗೆ “ಎಷ್ಟು ಕಿಲೋಮೀಟರ್” ಅನ್ನುವ ಪ್ರಶ್ನೆಯೇ ತಪ್ಪು, “ಎಷ್ಟು ತಾಸು” ಅಂತ ಕೇಳಬೇಕು. ನನ್ನ 45 ಎಚ್‌ಪಿ ಗಾಡಿ ತುಂಬಿದ ಎರಡು ಟ್ರೇಲರ್ ಎಳೆದರೆ ತಾಸಿಗೆ ಐದಾರು ಲೀಟರ್ ಕುಡೀತದ. ಆರು ಲೀಟರ್ ಉಳಿದಾಗ ದೀಪ ಹತ್ತಿತು ಅನ್ಕೊಳ್ರಿ. ಬಳಸಲು ಸಿಗುವುದು ಐದು. ಒಂದು ತಾಸು. ಕಬ್ಬು ತುಂಬಿದ ಗಾಡಿ ತಾಸಿಗೆ ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಅದೇ ಆರು ಲೀಟರ್ ಖಾಲಿ ಟ್ರೇಲರ್ ಇದ್ದಾಗ ಎರಡು ಪಟ್ಟು ಬರತೈತಿ. ಬೆಳಿಗ್ಗೆ ಖಾಲಿ ಬಂದಾಗಿನ ಅನುಭವ ನಂಬಿ ರಾತ್ರಿ ತುಂಬಿಕೊಂಡು ಹೊರಟವರೇ ನಡುವೆ ನಿಲ್ಲೂದು.

ಎಲ್ಲಿ ನಿಲ್ಲತೀರಿ ಅನ್ನೂದು ಮುಖ್ಯ

ಈ ಲೇಖನ ಬರೆಯಲು ನಿಜವಾದ ಕಾರಣ ಇದೇ. ಗದ್ದನಕೇರಿಯಿಂದ ತುಳಸಿಗೇರಿ, ಕಲಾದಗಿ ದಾಟಿ ಲೋಕಾಪುರದ ಕಡೆ ಹೋಗುವ ರಸ್ತೆ ನಮಗೆಲ್ಲ ಗೊತ್ತು. ಹಂಗಾಮಿನಲ್ಲಿ ರಾತ್ರಿ ಪೂರಾ ಕಬ್ಬಿನ ಗಾಡಿ. ಎರಡು ಟ್ರೇಲರ್, ಹಿಂದೆ ದೀಪ ಇಲ್ಲ, ಇದ್ದ ರಿಫ್ಲೆಕ್ಟರ್ ಕಬ್ಬಿನ ರವದಿಯ ಕೆಳಗೆ ಮುಚ್ಚಿರತೈತಿ. ಅಂಥ ಗಾಡಿ ಏರ್ ಹಿಡಿದು ನಡುರಸ್ತೆಯಲ್ಲಿ ನಿಂತರೆ ಇಂಜಿನ್ ಬಂದ್, ಬ್ಯಾಟರಿ ಇಳಿದರೆ ಇದ್ದ ದೀಪವೂ ಬಂದ್. ಹಿಂದಿನಿಂದ ಬರುವ ಬೈಕಿನವರಿಗೆ ಕಾಣುವುದು ಕತ್ತಲೆಯಲ್ಲಿ ಕತ್ತಲೆಯಂಥದೇ ಒಂದು ಗೋಡೆ. ಇಂಥ ಅಪಘಾತದಲ್ಲಿ ಮನೆಯ ಮಗನನ್ನು ಕಳಕೊಂಡ ಮನೆಗಳು ನಮ್ಮ ಸುತ್ತಲೇ ಅದಾವ, ಹೆಸರು ಬರೆಯೂದು ಬ್ಯಾಡ.

1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಸ್ಪಷ್ಟ ಐತಿ: ಬೇರೆಯವರಿಗೆ ಅಪಾಯ, ಅಡ್ಡಿ ಆಗುವ ಹಾಗೆ ಗಾಡಿಯನ್ನಾಗಲಿ ಟ್ರೇಲರನ್ನಾಗಲಿ ಸಾರ್ವಜನಿಕ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಕಾಯ್ದೆ ಇರಲಿ ಬಿಡ್ರಿ, ಇನ್ನೊಂದು ಮಾತು. ಗಾಡಿ ಕೆಟ್ಟಾಗ ಹಿಂದೆ ಕಲ್ಲು, ಗಿಡದ ಟೊಂಗೆ ಇಡತೀವಿ. ರಿಪೇರಿ ಆದ ಕೂಡಲೇ ಗಾಡಿ ಹೊಕ್ಕೈತಿ, ಕಲ್ಲು ಅಲ್ಲೇ ಉಳೀತದ. ಆ ಕಲ್ಲಿಗೆ ಬಿದ್ದು ಸತ್ತವರೂ ನಮ್ಮ ಜನವೇ.

ನಮ್ಮ ಕಬ್ಬು ನಮ್ಮ ಟಾಕಿಗೆ

ಇನ್ನೊಂದು ಬದಲಾವಣೆ ನಮ್ಮ ಹೊಲದಿಂದಲೇ ಹೊರಟೈತಿ. 2018ರ ಜೈವಿಕ ಇಂಧನ ನೀತಿಯಿಂದ ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್ ಮಾಡಲು ದಾರಿ ಆಯ್ತು. ಪೆಟ್ರೋಲಿನಲ್ಲಿ ಎಥೆನಾಲ್ 2022ರಲ್ಲಿ ನೂರಕ್ಕೆ 10, 2025ರಲ್ಲಿ 20 ಮುಟ್ಟಿತು. ಕಬ್ಬು ಬೆಳೆಯುವವರಿಗೆ ಇದರಿಂದ ಒಂದು ಗಿರಾಕಿ ಹೆಚ್ಚಾದ, ಅದು ಒಳ್ಳೆಯದೇ. ಆದರೆ ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹೇಳಿದಂತೆ, ಹಳೆಯ ತಯಾರಿಯ ದ್ವಿಚಕ್ರ ಗಾಡಿಗಳ ಮೈಲೇಜ್ ನೂರಕ್ಕೆ 3–4, ಕಾರುಗಳದು 6–7 ಕಡಿಮೆ ಆಗಬಹುದು. ಅಂದರೆ ಹಳೆ ರಿಸರ್ವ್ ಲೆಕ್ಕದಲ್ಲಿ ಐವತ್ತು ಕಿಲೋಮೀಟರಿಗೆ ಎರಡು ಮೂರು ಕಿಲೋಮೀಟರ್ ಕಳೀರಿ.

ಅದಕ್ಕಿಂತ ಮುಖ್ಯವಾದದ್ದು ನೀರು. ಎಥೆನಾಲ್ ನೀರನ್ನು ಹೀರಿಕೊಳ್ಳತೈತಿ. ಟಾಕಿಗೆ ಮಳೆನೀರು ಹೊಕ್ಕು ಹೆಚ್ಚಾದರೆ ನೀರು ಮತ್ತು ಎಥೆನಾಲ್ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯತೈತಿ. ರಿಸರ್ವ್ ಇರೂದೂ ತಳದಲ್ಲೇ. ಹಳೆ ನಳದ ಬೈಕನ್ನು ಮಳೆಗಾಲ ಪೂರಾ ಹೊಲದಲ್ಲಿ ನಿಲ್ಲಿಸುವವರು ಮುಚ್ಚಳದ ರಬ್ಬರ್ ನೋಡ್ಕೊಳ್ರಿ. ಬಳಸದೆ ಬಹಳ ದಿನ ನಿಲ್ಲಿಸುವುದಾದರೆ ಟಾಕಿ ಖಾಲಿ ಇಡುವುದಕ್ಕಿಂತ ತುಂಬಿಸಿ ಇಡೂದು ಪಾಡು.

ನಿಮ್ಮ ಗಾಡಿಯ ಲೆಕ್ಕ ನೀವೇ ತಗೀರಿ

ಈಗ ಲೆಕ್ಕ. ಗಾಡಿಯ ಪುಸ್ತಕದಲ್ಲಿ ಟಾಕಿ ಎಷ್ಟು ಲೀಟರಿನದು ಅಂತ ನೋಡ್ರಿ. ಒಂದು ಸಲ ದೀಪ ಹತ್ತಿ ಆರದೆ ನಿಂತ ಕೂಡಲೇ ನೇರ ಬಂಕಿಗೆ ಹೋಗಿ, ಸಮ ಜಾಗದಲ್ಲಿ ನಿಲ್ಲಿಸಿ, ಪೈಪ್ ತಾನಾಗಿ ಕಟ್ ಆಗುವ ತನಕ ಹಾಕಿಸ್ರಿ. ಟಾಕಿಯ ಅಳತೆಯಲ್ಲಿ ಅದನ್ನು ಕಳೆದರೆ ದೀಪ ಹತ್ತಿದಾಗ ಉಳಿದಿದ್ದು ಸಿಗತೈತಿ. 10 ಲೀಟರಿನ ಟಾಕಿಗೆ 8.4 ಹಿಡಿದರೆ ಉಳಿದದ್ದು 1.6. ಇದನ್ನು ಎರಡು ಮೂರು ಸಲ ಮಾಡಿ ಎಲ್ಲಕ್ಕಿಂತ ಸಣ್ಣ ಅಂಕಿ ಹಿಡೀರಿ.

ಅದನ್ನು ನಿಮ್ಮ ಗಾಡಿಯ ಕೆಟ್ಟ ದಿನದ ಮೈಲೇಜಿನಿಂದ ಗುಣಿಸ್ರಿ. ಒಬ್ಬರೇ ಹೋದಾಗ 60 ಕೊಡುವ ಬೈಕ್, ಇಬ್ಬರು ಮತ್ತು ಒಂದು ಚೀಲ ಹೇರಿ ಎದುರುಗಾಳಿಯಲ್ಲಿ 45 ಕೊಡಬಹುದು. 45 ಹಿಡೀರಿ. 1.6ಕ್ಕೆ 72 ಬಂತು. ಅದರಲ್ಲಿ ಅರ್ಧ ಮಾತ್ರ ನಿಮ್ಮದು, 36. ಉಳಿದ ಅರ್ಧ ಪಂಪಿನದು, ಏರಿನದು, ಮುಚ್ಚಿದ ಬಂಕಿನದು. ಕಾರಿಗೂ ಇದೇ ಲೆಕ್ಕ. ಟ್ರ್ಯಾಕ್ಟರಿಗೆ ಅರ್ಧವೂ ಬ್ಯಾಡ, ದೀಪ ಹತ್ತುವ ಮೊದಲೇ ಕ್ಯಾನ್ ತರಿಸ್ರಿ. ಮುಳ್ಳು ಕಾಲು ಭಾಗಕ್ಕೆ ಬಂತಂದರೆ ತುಂಬಿದ ಟ್ರೇಲರ್ ರಸ್ತೆಗೆ ಇಳಿಸಬ್ಯಾಡ್ರಿ.

ಬಂದ ಅಂಕಿಯನ್ನು ಟಾಕಿಯ ಮುಚ್ಚಳದ ಹತ್ತಿರ ಪೇಂಟಿನಿಂದ ಬರೀರಿ. ಗಾಡಿ ಮನೆಯಲ್ಲಿ ಒಬ್ಬರೇ ಓಡಿಸೂದಿಲ್ಲ, ಮಗ ಓಡಿಸ್ತಾನ, ಅಳಿಯ ಓಡಿಸ್ತಾನ, ಡ್ರೈವರ್ ಓಡಿಸ್ತಾನ. ನಳದ ಕಾಲದಲ್ಲಿ ಕೊಳವೆಯ ಎತ್ತರವೇ ಎಲ್ಲರಿಗೂ ಒಂದೇ ಲೆಕ್ಕ ಹೇಳತಿತ್ತು. ಈಗ ಆ ಕೆಲಸಕ್ಕೆ ಒಂದು ಸಾಲು ಬರವಣಿಗೆ ಸಾಕು.

ನಿಮ್ಮ ಗಾಡಿ ಯಾವುದು, ದೀಪ ಹತ್ತಿದಾಗ ಎಷ್ಟು ಲೀಟರ್ ಉಳಿದಿತ್ತು ಅಂತ ಅಳೆದು ಕೆಳಗೆ ಬರೀರಿ. ನಮ್ಮ ಸುತ್ತಮುತ್ತ ಓಡುವ ಗಾಡಿಗಳ ಒಂದು ಪಟ್ಟಿ ಆದರೆ ಎಲ್ಲರಿಗೂ ಉಪಯೋಗ. ಕಬ್ಬಿನ ಗಾಡಿಯವರು ರಿಫ್ಲೆಕ್ಟರ್ ಮೇಲಿನ ರವದಿ ತೆಗೆದು ಹೊರಡ್ರಿ. ಹಂಗಾಮು ಎಲ್ಲರಿಗೂ ಸುಖವಾಗಿ ಸಾಗಲಿ.